ದುಡ್ಡಿಗಿಂತ ಹೊತ್ತು ಮುಖ್ಯ: ಶಿವಮೊಗ್ಗದಲ್ಲಿ ನಮ್ಮ ಭಾನುವಾರಗಳು

ಶಿವಮೊಗ್ಗದಲ್ಲಿ ರಜಾ ದಿನ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಕೇಳಿ ನೋಡಿ. ಹೆಚ್ಚಿನವರದು ಎರಡೇ ಉತ್ತರ. ಒಂದು ಮಾಲ್, ಇನ್ನೊಂದು ಜೋಗ. ಮೊದಲನೆಯದಕ್ಕೆ ಒಳಗೆ ಹೋದಮೇಲೆ ದುಡ್ಡು, ಎರಡನೆಯದಕ್ಕೆ ಮನೆ ಬಿಡುವಾಗಲೇ ದುಡ್ಡು.

ನಮ್ಮನೆಯವರಿಗೆ ಭಾನುವಾರವೂ ಅಂಗಡಿ. ಹಾಗಾಗಿ ಗೋಪಾಳದ ನಮ್ಮ ಮನೆಯಿಂದ ಹೊರಡುವ ತಂಡ ಅಂದರೆ ನಾನು, ಆರನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಮತ್ತೆ ನಮ್ಮ ಅತ್ತೆ. ‘ನಾನ್ಯಾಕೆ ಬರ್ಲಿ ಮಾರಾಯ್ತಿ, ನೀವು ಹೋಗಿ ಬನ್ನಿ’ ಅನ್ನುತ್ತಲೇ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಲ್ಲುವವರು ಅವರೇ. ಕಾರಿಲ್ಲ. ಸ್ಕೂಟರಿನಲ್ಲಿ ನಾಲ್ಕು ಜನ ಹೋಗುವಂತಿಲ್ಲ. ಬಸ್ಸೇ ಗತಿ.

ನಾನು ಮಾಡಿದ್ದು ಇಷ್ಟೇ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಯಾವ ತಿಂಗಳಿಗೆ ಯಾವ ಜಾಗ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟೆ. ನಮ್ಮ ಊರಲ್ಲಿ ನೋಡುವಂಥದ್ದು ಹೆಚ್ಚುಕಮ್ಮಿ ಬಿಟ್ಟಿ, ಇಲ್ಲವೇ ಸಣ್ಣ ಟಿಕೆಟ್. ಆದರೆ ಒಂದೊಂದಕ್ಕೂ ಅದರದೇ ಹೊತ್ತಿದೆ. ಆ ಹೊತ್ತಿಗೆ ನಾವು ಹೋಗಬೇಕು, ನಮಗೆ ಬಿಡುವಾದಾಗ ಅದು ಕಾಯುತ್ತಾ ಕೂರೋದಿಲ್ಲ.

ಮಳೆಗಾಲದಿಂದಲೇ ಶುರು ಮಾಡುತ್ತೇನೆ. ಮಳೆ ಬಂದರೆ ಮಕ್ಕಳು ಮನೆಯಲ್ಲೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಶಿವಮೊಗ್ಗದವರಿಗೆ ವರ್ಷದ ದೊಡ್ಡ ಪುಕ್ಕಟೆ ತಮಾಷೆ ಇರುವುದೇ ಆಗ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಒಂದು ಕಲ್ಲಿನ ಮಂಟಪ ಇದೆ. ಅದು ಮುಳುಗಿದರೆ ತುಂಗೆ ತುಂಬಿದಳು ಅಂತ ಲೆಕ್ಕ. ಆಮೇಲೆ ಬಾಗಿನ ಬಿಡುವುದು, ಫೋಟೋ, ಪೇಪರಿನಲ್ಲಿ ಸುದ್ದಿ. ಮೇಲೆ ಗಾಜನೂರಿನಲ್ಲಿರುವ ತುಂಗಾ ಡ್ಯಾಮ್ ಬಹಳ ಚಿಕ್ಕದು, 3.24 ಟಿಎಂಸಿ ಅಷ್ಟೇ. ಅದಕ್ಕೇ ಬೇಗ ತುಂಬುತ್ತದೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಮಳೆ ಹಿಡಿಯಿತು ಅಂದರೆ ಗೇಟು ತೆಗೆಯುತ್ತಾರೆ, ಇಲ್ಲಿ ಹೊಳೆಯ ಬಣ್ಣವೇ ಬದಲಾಗುತ್ತದೆ. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ನೀರು ಕೆಂಪಗೆ ಉಕ್ಕಿ ಬರುವುದು ಮಕ್ಕಳಿಗೆ ದೊಡ್ಡ ಒಗಟು. ಘಟ್ಟದ ಮೇಲಿನ ಮಳೆಗೂ ನಮ್ಮ ಹೊಳೆಗೂ ಇರುವ ಸಂಬಂಧವನ್ನು ನಾನು ಹೇಳಿಕೊಟ್ಟದ್ದು ಹೊಳೆಯ ದಂಡೆಯಲ್ಲೇ.

ಜೂನ್ ಕೊನೆಯಿಂದ ನಮ್ಮ ಮನೆಯಲ್ಲಿ ಒಂದು ಪಂತ ಇರುತ್ತದೆ. ಮಂಟಪ ಯಾವತ್ತು ಮುಳುಗುತ್ತದೆ? ಎಲ್ಲರೂ ಒಂದೊಂದು ತಾರೀಕು ಹೇಳಬೇಕು. ಗೆದ್ದವರು ಹೇಳಿದ ತಿಂಡಿ ಆ ವಾರ. ಅತ್ತೆ ಪ್ರತಿಸಲ ನಕ್ಷತ್ರದ ಲೆಕ್ಕ ಹಾಕುತ್ತಾರೆ. ಆರಿದ್ರೆ ಹೀಗೆ ಹೊಯ್ದರೆ ಪುನರ್ವಸು ಹಾಗೆ ಅಂತ. ಮಗಳು ಮೊಬೈಲಿನಲ್ಲಿ ಡ್ಯಾಮಿನ ಒಳಹರಿವು ನೋಡುತ್ತಾಳೆ. ಗೆಲ್ಲುವುದು ಮಾತ್ರ ಸುಮ್ನೆ ಬಾಯಿಗೆ ಬಂದ ತಾರೀಕು ಹೇಳುವ ಚಿಕ್ಕವನು.

ಸಂಜೆ ಕೊಡೆ ಹಿಡಿದು ಹೊಳೆ ನೋಡಿ, ಅಲ್ಲಿಂದ ಗಾಂಧಿ ಬಜಾರಿಗೆ ನಡೆದು ಬರುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಕಳಲೆ, ಕೆಸುವಿನ ಎಲೆ, ಅದೃಷ್ಟ ಇದ್ದರೆ ಅಣಬೆ ಬಂದಿರುತ್ತವೆ. ಕೊಳ್ಳಲೇಬೇಕು ಅಂತಿಲ್ಲ, ವಿಚಾರಿಸಿದರೂ ಸಾಕು. ಕಳಲೆಯನ್ನು ಎಷ್ಟು ದಿನ ನೀರಲ್ಲಿ ಹಾಕಿಡಬೇಕು ಅನ್ನುವ ವಿಷಯಕ್ಕೆ ಅತ್ತೆ ಮತ್ತು ಮಾರುವವರ ನಡುವೆ ನಡೆಯುವ ಚರ್ಚೆಗೆ ಟಿಕೆಟ್ ಇಟ್ಟರೂ ಕೊಡಬಹುದು. ಹೊಸದಾಗಿ ಮಾಡಿರುವ ತುಂಗಾ ರಿವರ್ ಫ್ರಂಟೂ ಇದೆ. ನಡೆಯಲು ಚೆನ್ನಾಗಿದೆ. ಆದರೆ ನನಗೆ ಹಳೇ ಸೇತುವೆಯ ಕಡೆಯಿಂದ ನೋಡುವ ಹೊಳೆಯೇ ಇಷ್ಟ.

ಸಕ್ರೆಬೈಲಿನ ವಿಷಯ ಬಹಳ ಜನಕ್ಕೆ ಗೊತ್ತು, ಸಮಯ ಮಾತ್ರ ಗೊತ್ತಿರೋದಿಲ್ಲ. ಆನೆ ಬಿಡಾರ ಜನರಿಗೆ ತೆರೆದಿರುವುದು ಬೆಳಗ್ಗೆ ಎಂಟೂವರೆಯಿಂದ ಹನ್ನೊಂದೂವರೆವರೆಗೆ. ತಿಂಡಿ ತಿಂದು ನಿಧಾನಕ್ಕೆ ಹೊರಟು ಹನ್ನೆರಡಕ್ಕೆ ಮುಟ್ಟಿದರೆ ನೋಡಲು ಸಿಗುವುದು ಲದ್ದಿ ಮಾತ್ರ. ನಾವು ಏಳೂವರೆಯ ಸುಮಾರಿಗೆ ತೀರ್ಥಹಳ್ಳಿ ಬಸ್ ಹತ್ತುತ್ತೇವೆ. ಊರಿಂದ ಸುಮಾರು 14 ಕಿಲೋಮೀಟರ್. ಆ ರಸ್ತೆಯಲ್ಲಿ ಖಾಸಗಿ ಬಸ್ಸೇ ಜಾಸ್ತಿ. ಸರ್ಕಾರಿ ಬಸ್ ಸಿಕ್ಕಿದರೆ ನಮಗೆ ಹಬ್ಬ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಅತ್ತೆ, ನಾನು, ಮಗಳು ಮೂವರಿಗೂ ಸೊನ್ನೆ ಟಿಕೆಟ್. ಚಿಕ್ಕವನಿಗೆ ಮಾತ್ರ ಅರ್ಧ ಟಿಕೆಟ್. ‘ಮನೇಲಿ ನಾನೊಬ್ನೇ ದುಡ್ಡು ಕೊಡೋದು’ ಅಂತ ಬಸ್ಸಿಡೀ ಕೇಳುವಂತೆ ಹೇಳುತ್ತಾನೆ. ಕೊಡುವವಳು ನಾನು ಅನ್ನೋದು ಬೇರೆ ವಿಷಯ.

ಆನೆಗೆ ಸ್ನಾನ ಮಾಡಿಸುವುದಕ್ಕೆ, ಹತ್ತಿರ ಹೋಗುವುದಕ್ಕೆ ಅಂತ ಬೇರೆ ಬೇರೆ ದುಡ್ಡಿರುತ್ತದೆ. ನಾವು ಪ್ರವೇಶದ ಟಿಕೆಟ್ ಒಂದೇ ತೆಗೆದುಕೊಳ್ಳುವುದು. ದಂಡೆಯಲ್ಲಿ ನಿಂತು ನೋಡಿದರೇ ಹೆಚ್ಚು ಕಾಣುತ್ತದೆ ಅನ್ನೋದು ನನ್ನ ಅಭಿಪ್ರಾಯ. ರಾತ್ರಿ ಆನೆಗಳನ್ನು ಕಾಡಿಗೆ ಮೇಯಲು ಬಿಟ್ಟಿರುತ್ತಾರೆ. ಬೆಳಗ್ಗೆ ಮಾವುತರು, ಕಾವಾಡಿಗಳು ಸರಪಳಿ ಎಳೆದ ಗುರುತು ಹಿಡಿದು ಹುಡುಕಿಕೊಂಡು ಹೋಗಿ ಕರೆತರುತ್ತಾರೆ. ಒಂದೊಂದೇ ಆನೆ ನೀರಿಗಿಳಿಯುತ್ತದೆ, ಪಕ್ಕಕ್ಕೆ ಮಲಗುತ್ತದೆ, ಮಾವುತ ಹತ್ತಿ ಉಜ್ಜುತ್ತಾನೆ. ಮರಿ ಇದ್ದರಂತೂ ಹೇಳುವುದೇ ಬೇಡ. ಆಮೇಲೆ ಹುಲ್ಲಿನಲ್ಲಿ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಕಟ್ಟಿದ ಕುಸುರೆ. ಅದನ್ನು ಆನೆ ಹೇಗೆ ತೆಗೆದುಕೊಳ್ಳುತ್ತದೆ ಅಂತ ನೋಡಲು ಒಂದು ಒಳ್ಳೆ ಜಾಗ ಹಿಡಿದು ನಿಂತುಬಿಡಬೇಕು. ಇದೇ ಬಿಡಾರದ ಆನೆಗಳು ನಮ್ಮೂರ ದಸರಾ ಮೆರವಣಿಗೆಗೆ ಬರುತ್ತವೆ. ಅವತ್ತು ರಸ್ತೆಬದಿ ನಿಂತ ಮಕ್ಕಳು ಅಂಬಾರಿಯನ್ನು ನೋಡುವುದಿಲ್ಲ. ಇದು ಬಲಗಿವಿ ಹರಿದದ್ದು, ಅದು ಸಿಟ್ಟಿನದು ಅಂತ ಆನೆಯ ಗುರುತು ಹಿಡಿಯುವುದರಲ್ಲೇ ಇರುತ್ತಾರೆ.

ಮಳೆಗಾಲವಾದರೆ ಅಲ್ಲಿಂದ ವಾಪಸ್ ಬರಬೇಡಿ. ಅದೇ ರಸ್ತೆಯಲ್ಲಿ ಮುಂದಿನ ಬಸ್ ಹತ್ತಿ ಮಂಡಗದ್ದೆಗೆ ಹೋಗಿ. ಹೊಳೆಯ ನಡುವಿನ ಸಣ್ಣ ದ್ವೀಪದ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿರುತ್ತವೆ. ರಸ್ತೆ ಪಕ್ಕದಿಂದಲೇ ಕಾಣುತ್ತದೆ, ವೀಕ್ಷಣಾ ಗೋಪುರವೂ ಇದೆ. ಜುಲೈಯಿಂದ ಸೆಪ್ಟೆಂಬರ್ ಒಳ್ಳೆ ಸಮಯ. ಬೇಸಿಗೆಯಲ್ಲಿ ಹೋದರೆ ಖಾಲಿ ಮರ. ಬೈನಾಕ್ಯುಲರ್ ಇಲ್ಲ ಅಂತ ಚಿಂತೆ ಬೇಡ. ಹಾವಕ್ಕಿ ನೀರಿನಿಂದ ಕತ್ತು ಮಾತ್ರ ಹೊರಗೆ ಹಾಕಿ ಈಜುವುದು ಬರಿಗಣ್ಣಿಗೇ ಕಾಣುತ್ತದೆ. ಅದಕ್ಕೆ ಆ ಹೆಸರು ಯಾಕೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ.

ಊರೊಳಗೇ ಇರುವ ಶಿವಪ್ಪ ನಾಯಕನ ಅರಮನೆಗೆ ನಮ್ಮವರೇ ಹೋಗುವುದು ಕಡಿಮೆ. ‘ಎಂತ ಇದೆ ಅಲ್ಲಿ ನೋಡೋಕೆ?’ ಅಂತ ಕೇಳುತ್ತಾರೆ. ಕೆಳದಿಯ ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಕಟ್ಟಡ ಹೈದರಾಲಿ ಕಾಲದ್ದು ಅನ್ನುವವರೂ ಇದ್ದಾರೆ. ಅದೇನೇ ಇರಲಿ, ಮರದ ದೊಡ್ಡ ದೊಡ್ಡ ಕಂಬಗಳ ನಡುವೆ ಮಧ್ಯಾಹ್ನದ ಹೊತ್ತು ತಣ್ಣಗಿರುತ್ತದೆ. ನಮಗೆ ಮುಖ್ಯ ಆಗಿರುವುದು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ಕಲ್ಲುಗಳು. ಸುತ್ತಮುತ್ತಲ ಊರುಗಳಿಂದ ತಂದಿಟ್ಟ ವೀರಗಲ್ಲು, ಸತಿ ಹೋದ ಹೆಂಗಸರ ನೆನಪಿನ ಮಹಾಸತಿ ಕಲ್ಲುಗಳು ಅಲ್ಲಿವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ದನ ಕಂಡರೆ ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಜಗಳ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಮೊಣಕೈ ಮಡಚಿ ಎತ್ತಿದ ಕೈ, ಕೈತುಂಬ ಬಳೆ ಕಂಡರೆ ಅದು ಮಹಾಸತಿ ಕಲ್ಲು. ಇಷ್ಟು ಹೇಳಿಕೊಟ್ಟು ಬಿಟ್ಟರೆ ಮುಗಿಯಿತು. ಒಬ್ಬೊಬ್ಬರು ಒಂದೊಂದು ಕಲ್ಲು ಆರಿಸಿಕೊಳ್ಳುತ್ತಾರೆ, ಅದರ ಕಥೆ ಹೇಳಬೇಕು. ಆಯುಧ ಯಾವುದು, ಕುದುರೆ ಯಾರದು, ಶತ್ರು ಎಷ್ಟು ಜನ. ಒಮ್ಮೆ ಚಿಕ್ಕವನು ಕೇಳಿದ, ‘ಗೆದ್ದವನಿಗೆ ಕಲ್ಲು ಹಾಕಿದ್ದಾರೆ, ಸತ್ತವನಿಗೆ ಯಾಕಿಲ್ಲ?’ ಅವನಕ್ಕ ನಕ್ಕುಬಿಟ್ಟಳು. ‘ಕಲ್ಲಲ್ಲಿ ಇರೋನೇ ಕಣೋ ಸತ್ತಿರೋನು.’ ಅವನು ಮತ್ತೆ ಕೆಳಗಿನಿಂದ ಓದಲು ಶುರು ಮಾಡಿದ. ಆಮೇಲೆ ಕೆಳದಿ, ಇಕ್ಕೇರಿ, ಬಳ್ಳಿಗಾವಿ ಎಲ್ಲಿ ಹೋದರೂ ಇವರು ಮೊದಲು ಹುಡುಕುವುದು ಮೂಲೆಯಲ್ಲಿ ನಿಂತಿರುವ ಇಂಥ ಕಲ್ಲನ್ನೇ.

ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟ ಹೊರಡುತ್ತವೆ. ಆಗ ನಮ್ಮ ಕಣ್ಣು ಬಸ್‌ಸ್ಟ್ಯಾಂಡಿನ ಗೋಡೆಯ ಪೋಸ್ಟರ್ ಮೇಲೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾರಾದರೂ ಹರಕೆ ಹೊತ್ತು ಆಡಿಸುವ ಬಯಲಾಟಕ್ಕೆ ಟಿಕೆಟ್ ಇಲ್ಲ. ಬಂದವರಿಗೆಲ್ಲ ಊಟ ಹಾಕುವವರೂ ಉಂಟು. ಅತ್ತೆಯ ತವರು ತೀರ್ಥಹಳ್ಳಿ ಹತ್ತಿರ ಆದ್ದರಿಂದ ಮಲಗಲು ಮನೆ ಇದೆ, ಅದು ನಮ್ಮ ಅನುಕೂಲ. ಆಟ ಶುರುವಾಗುವುದಕ್ಕೆ ಒಂದು ತಾಸು ಮೊದಲೇ ಹೋಗುತ್ತೇವೆ, ವೇಷ ಕಟ್ಟುವ ಚೌಕಿ ನೋಡಲು. ಸಾಲಾಗಿ ಕೂತು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಮಾತಾಡಿಸಬಾರದು, ಅಡ್ಡ ನಿಲ್ಲಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿರುತ್ತೇನೆ. ಮೀಸೆ ಬೋಳಿಸಿದ ಮಧ್ಯವಯಸ್ಸಿನ ಗಂಡಸು ಕಣ್ಣೆದುರೇ ದ್ರೌಪದಿ ಆಗುವುದನ್ನು ನೋಡಿದ ಮೇಲೆ ರಂಗದಲ್ಲಿ ಅವರು ಬಂದಾಗ ಮಕ್ಕಳಿಗೆ ಬರುವ ಉತ್ಸಾಹವೇ ಬೇರೆ. ಚೆಂಡೆಯ ಪೆಟ್ಟಿಗೆ ನಿದ್ದೆ ಬರಲ್ಲ ಅನ್ನುತ್ತಾರಲ್ಲ, ಸುಳ್ಳು. ನಮ್ಮ ಚಿಕ್ಕವನು ಹತ್ತು ಗಂಟೆಗೇ ಚಾಪೆ ಮೇಲೆ ಮಲಗುತ್ತಾನೆ. ಹಾಸ್ಯಗಾರ ಬಂದಾಗ ಎಬ್ಬಿಸಬೇಕು ಅಂತ ಒಪ್ಪಂದ. ಈಗ ಕೆಲವು ಮೇಳಗಳದ್ದು ಕಾಲಮಿತಿ ಆಟ, ಮಧ್ಯರಾತ್ರಿಗೆಲ್ಲ ಮುಗಿಯುತ್ತದೆ. ಅತ್ತೆಗೆ ಅದು ಸಮಾಧಾನವಿಲ್ಲ, ನನಗೆ ಅಡ್ಡಿಯಿಲ್ಲ. ಸ್ವೆಟರು, ಕಿವಿಗೆ ಮಫ್ಲರು ಮರೆಯಬೇಡಿ. ಮಲೆನಾಡಿನ ಡಿಸೆಂಬರ್ ರಾತ್ರಿ ಬಯಲಿನಲ್ಲಿ ಕೂತರೆ ಗೊತ್ತಾಗುತ್ತದೆ.

ಊರಲ್ಲೂ ಸಂಜೆಗಳಿಗೆ ಬರವಿಲ್ಲ. ಕರ್ನಾಟಕ ಸಂಘ 1930ರಿಂದ ಇದೆ. ಅಲ್ಲಿಯ ‘ತಿಂಗಳ ಅತಿಥಿ’ ಕಾರ್ಯಕ್ರಮಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು. ಕುವೆಂಪು ರಂಗಮಂದಿರದಲ್ಲಿ ನಾಟಕ ಇದ್ದೇ ಇರುತ್ತದೆ. ಹೆಗ್ಗೋಡಿನ ನೀನಾಸಂ ತಿರುಗಾಟ ಬಂದಾಗ ಟಿಕೆಟ್ ಕೊಟ್ಟು ಹೋಗುತ್ತೇವೆ. ಒಂದು ಸಿನಿಮಾ, ಪಾಪ್‌ಕಾರ್ನ್ ಖರ್ಚಿಗೆ ಹೋಲಿಸಿದರೆ ಅದೇನೂ ದೊಡ್ಡದಲ್ಲ. ನವುಲೆ ಸ್ಟೇಡಿಯಂನಲ್ಲಿ ರಣಜಿ ಪಂದ್ಯ ಬಿದ್ದರೆ ಒಂದು ದಿನ ಬುತ್ತಿ ಕಟ್ಟಿಕೊಂಡು ಹೋಗುವುದು. ಟಿವಿಯಲ್ಲಿ ಬರುವ ಆಟಗಾರ ಬೌಂಡರಿ ಗೆರೆ ಹತ್ತಿರ ನಿಂತಿರುತ್ತಾನೆ, ಕರೆದರೆ ಕೇಳುವಷ್ಟು ದೂರದಲ್ಲಿ. ಆಡಿ ಕೃತ್ತಿಕೆಗೆ ಗುಡ್ಡೇಕಲ್ ಹರೋಹರ ಜಾತ್ರೆ, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬ ಜಾತ್ರೆ, ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ. ಜಾತ್ರೆಗೆ ನಮ್ಮದೊಂದು ಕಟ್ಟಳೆ: ಇಬ್ಬರಿಗೂ ಮೊದಲೇ ಇಷ್ಟೇ ದುಡ್ಡು ಅಂತ ಕೈಗೆ ಕೊಟ್ಟುಬಿಡುವುದು. ಆಮೇಲೆ ತೊಟ್ಟಿಲೋ ಬತ್ತಾಸೋ ಅವರಿಗೆ ಬಿಟ್ಟದ್ದು. ಕೇಳುವುದೂ ಇಲ್ಲ, ಅಳುವುದೂ ಇಲ್ಲ.

ಬೇಸಿಗೆಯ ಜಾಗ ಕೂಡ್ಲಿ. ಹೊಳೆಹೊನ್ನೂರು ರಸ್ತೆಯಲ್ಲಿ ಸುಮಾರು 16 ಕಿಲೋಮೀಟರ್. ತುಂಗೆಯೂ ಭದ್ರೆಯೂ ಸೇರುವುದು ಇಲ್ಲೇ, ಇಲ್ಲಿಂದ ಮುಂದೆ ತುಂಗಭದ್ರೆ. ನೀರು ಇಳಿದಾಗ ಸಂಗಮದ ಹತ್ತಿರದವರೆಗೆ ನಡೆದು ಹೋಗಬಹುದು. ಎರಡೂ ಹೊಳೆಯಲ್ಲಿ ಒಂದೊಂದು ಕಾಲಿಟ್ಟು ನಿಲ್ಲಬೇಕು ಅನ್ನೋದು ಚಿಕ್ಕವನ ಹಟ. ಪಾದ ಮುಳುಗುವಷ್ಟು ನೀರಿಗಿಂತ ಮುಂದೆ ಮಾತ್ರ ಬಿಡುವುದಿಲ್ಲ. ಹೊಳೆಯ ಗುಂಡಿ ಮೇಲಿಂದ ಕಾಣುವುದಿಲ್ಲ. ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ ನೋಡಿ, ನೆರಳಲ್ಲಿ ಚಿತ್ರಾನ್ನ, ಮೊಸರನ್ನ. ಸಂಜೆ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ರೈಲು ಬೇಕು ಅಂತ ಹಟ ಹಿಡಿದರೆ ಅರಸಾಳು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲ್ವೆ ಸ್ಟೇಷನ್ ದೃಶ್ಯಗಳನ್ನು ತೆಗೆದದ್ದು ಅಲ್ಲಿ. ಹಳೇ ಸ್ಟೇಷನ್ ಕಟ್ಟಡವನ್ನೇ 2020ರಲ್ಲಿ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ತಾಳಗುಪ್ಪದ ಕಡೆ ಹೋಗುವ ರೈಲುಗಳಲ್ಲಿ ಅಲ್ಲಿ ಯಾವುದು ನಿಲ್ಲುತ್ತದೆ, ವಾಪಸ್ ಯಾವುದು ಅಂತ ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ ಹೊರಡಬೇಕು. ಮ್ಯೂಸಿಯಂಗಿಂತ ನಮ್ಮ ಮಕ್ಕಳಿಗೆ ಇಷ್ಟವಾಗುವುದು ಕಿಟಕಿ.

ಸಂಸ್ಕೃತ ಮಾತಾಡುವ ಊರು ಅಂತ ಹೆಸರಾದ ಮತ್ತೂರಿಗೆ ಯಾಕೆ ಕರೆದುಕೊಂಡು ಹೋಗಲ್ಲ ಅಂತ ಕೆಲವರು ಕೇಳುತ್ತಾರೆ. ಹೋಗಿದ್ದೇವೆ, ಹೊಳೆದಂಡೆ ಚೆನ್ನಾಗಿದೆ. ಆದರೆ ಸಂಸ್ಕೃತ ಮಾತಾಡಿ ತೋರಿಸಿ ಅಂತ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸುವ ಪ್ರವಾಸಿಗಳನ್ನು ನೋಡಿ ನನಗೇ ಸಂಕೋಚ ಆಯಿತು. ಅದು ಜನ ಬದುಕುತ್ತಿರುವ ಊರು. ಅಲ್ಲಿ ಮತ್ತು ಹೊಳೆಯಾಚೆ ಹೊಸಹಳ್ಳಿಯಲ್ಲಿ ಗಮಕ ವಾಚನ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಇದ್ದಾಗ ಹೋದರೆ ಸರಿ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೇ.

ತ್ಯಾವರೆಕೊಪ್ಪದ ಹುಲಿ ಸಿಂಹ ಧಾಮ ನಮ್ಮ ಲೆಕ್ಕದಲ್ಲಿ ದುಬಾರಿ ಪಟ್ಟಿಗೆ ಸೇರುತ್ತದೆ. ವರ್ಷಕ್ಕೊಮ್ಮೆ, ಯಾರದಾದರೂ ಹುಟ್ಟಿದಹಬ್ಬಕ್ಕೆ. ಮಂಗಳವಾರ ರಜೆ, ನೆನಪಿರಲಿ. ಇನ್ನು ಜೋಗ. ಹೋಗಿಬರಲು ಸುಮಾರು 200 ಕಿಲೋಮೀಟರ್, ಅಲ್ಲಿ ಊಟ, ಟೀ, ಜೋಳದ ತೆನೆ. ಅದಕ್ಕೆ ನಮ್ಮ ಉಪಾಯ ಬೇರೆ. ಬೆಂಗಳೂರಿನ ನಾದಿನಿ ಮಳೆಗಾಲದಲ್ಲಿ ಕಾರು ತಗೊಂಡು ಬಂದೇ ಬರುತ್ತಾಳೆ, ಬಂದವಳಿಗೆ ಜೋಗ ನೋಡಲೇಬೇಕು. ಅತ್ತೆ ತಮ್ಮ ಮಗಳ ಪಕ್ಕ ಮುಂದಿನ ಸೀಟು ಹಿಡಿಯುತ್ತಾರೆ. ಹಿಂದೆ ನಾವು ಮೂವರು. ಬುತ್ತಿ ಮಾತ್ರ ನಮ್ಮದು.