‘ದಿ ಕಿಂಗ್ ಆಫ್ ಕಾಮಿಡಿ’ಗೆ ಕನ್ನಡ ಸಬ್‌ಟೈಟಲ್ ಮಾಡಿದ್ದು ಹೀಗೆ

ಮಾರ್ಟಿನ್ ಸ್ಕಾರ್ಸೆಸೆಯ 1982ರ ಈ ಚಿತ್ರ 109 ನಿಮಿಷದ್ದು. ಟಿವಿಯಲ್ಲಿ ಕಾಣಿಸಿಕೊಳ್ಳುವ ಹುಚ್ಚು ಹತ್ತಿದ ರೂಪರ್ಟ್ ಪಪ್ಕಿನ್ ಆಗಿ ರಾಬರ್ಟ್ ಡಿ ನೀರೋ, ಅವನು ಬೆನ್ನು ಬಿದ್ದು ಕೊನೆಗೆ ಅಪಹರಿಸುವ ಟಿವಿ ತಾರೆ ಜೆರ್ರಿ ಲ್ಯಾಂಗ್‌ಫರ್ಡ್ ಆಗಿ ಜೆರ್ರಿ ಲೂಯಿಸ್. ಇಲ್ಲಿ ನಗುವಿಗಿಂತ ಮುಜುಗರವೇ ಹೆಚ್ಚು. ಸಬ್‌ಟೈಟಲ್ ತಾನೇ ನಗಿಸಲು ಹೊರಟರೆ ಚಿತ್ರ ಕೆಟ್ಟಂತೆ.

ಮೊದಲು ತೀರ್ಮಾನಿಸಬೇಕಾದದ್ದು ನೀನು–ನೀವು. ಇಂಗ್ಲಿಷಿನ ‘ಯೂ’ ಎರಡನ್ನೂ ನುಂಗಿಕೊಂಡಿರುತ್ತೆ, ಕನ್ನಡದಲ್ಲಿ ಕ್ರಿಯಾಪದವೇ ಬಾಯಿ ಬಿಡುತ್ತೆ. ನಿಜದಲ್ಲಿ ಇಬ್ಬರದೂ ‘ನೀವು’. ಹೋಟೆಲಿನ ದೃಶ್ಯದಲ್ಲಿ ಜೆರ್ರಿ ಆರು ವಾರ ಶೋ ನಡೆಸಿಕೊಡೆಂದು ರೂಪರ್ಟನನ್ನೇ ಬೇಡಿಕೊಳ್ಳುತ್ತಾನೆ. ಅದು ರೂಪರ್ಟನ ಹಗಲುಗನಸು, ಆದರೆ ಚಿತ್ರ ಅದನ್ನು ತಕ್ಷಣ ಹೇಳುವುದಿಲ್ಲ. ಇಬ್ಬರಿಗೂ ‘ನೀನು’ ಕೊಟ್ಟರೆ ಗುಟ್ಟು ರಟ್ಟು. ಹಾಗಾಗಿ ಜೆರ್ರಿಗೆ ಮಾತ್ರ ‘ನೀನು’ ಕೊಟ್ಟೆ, ಹಿರಿಯ ಕಿರಿಯನಿಗೆ ಹೇಳಿದಂತೆ ಕೇಳಿಸಲಿ ಎಂದು. ರೂಪರ್ಟ್ ತನ್ನ ನೆಲಮಾಳಿಗೆಯಲ್ಲಿ ಒಬ್ಬನೇ ಮಾತಾಡುತ್ತಿರುವುದು ಕಂಡ ಮೇಲಷ್ಟೇ ಅವನ ಬಾಯಲ್ಲೂ ‘ನೀನು’. ಮುಂದೆ ರೂಪರ್ಟ್ ಕರೆಯದೇ ಜೆರ್ರಿಯ ಬಂಗಲೆಗೆ ನುಗ್ಗಿದಾಗ ಜೆರ್ರಿಯ ಬಾಯಿಂದ ನಿಜವಾಗಿಯೇ ‘ನೀನು’ ಬರುತ್ತೆ, ಬೈಗುಳವಾಗಿ. ಈ ಅನುವಾದದಲ್ಲಿ ನನಗೆ ತೃಪ್ತಿ ಕೊಟ್ಟದ್ದು ಇದೊಂದೇ ಜಾಗ.

ಎರಡನೆಯದು ಹೆಸರು. ಕಂಡವರೆಲ್ಲ ಪಪ್ಕಿನ್ ಅನ್ನುವುದನ್ನು ಕೆಡಿಸಿ ಹೇಳುವುದು ಚಿತ್ರದುದ್ದಕ್ಕೂ ಬರುವ ತಮಾಷೆ. ಕನ್ನಡದಲ್ಲಿ ‘ಪಪ್ಕಿನ್’ಗೂ ‘ಪಂಪ್ಕಿನ್’ಗೂ ಒಂದು ಸೊನ್ನೆಯ ವ್ಯತ್ಯಾಸ, ಎರಡು ಸೆಕೆಂಡಿನಲ್ಲಿ ಯಾರ ಕಣ್ಣಿಗೂ ಬೀಳದು. ಕುಂಬಳಕಾಯಿ ಅಂತ ಬರೆದರೆ ಬೇಕೆಂದೇ ಅಣಕಿಸಿದಂತಾಗುತ್ತೆ, ಅಲ್ಲಿರುವುದು ಬರೀ ಅಸಡ್ಡೆ. ನಾನು ಸರಿಯಾದ ಹೆಸರಿನಲ್ಲಿ ಒತ್ತಕ್ಷರ ಉಳಿಸಿ, ತಪ್ಪು ಹೆಸರಿನಲ್ಲಿ ಪ್ ಆದಮೇಲೆ ಜೀರೋ ವಿಡ್ತ್ ನಾನ್ ಜಾಯ್ನರ್ (ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ, ಯೂನಿಕೋಡ್ 200ಸಿ) ಹಾಕಿ ‘ಪಂಪ್‌ಕಿನ್’ ಎಂದು ಬಿಡಿಸಿ ಬರೆದೆ. ಪದದ ಆಕಾರವೇ ಬದಲಾಗುತ್ತೆ, ಕಣ್ಣು ತಡೆಯುತ್ತೆ.

ಜೋಕಿನ ಕೊನೆಯ ಪದ ನಟ ಅದನ್ನು ಹೇಳುವ ಮೊದಲೇ ತೆರೆಯ ಮೇಲೆ ಬರಬಾರದು. ಕೊನೆಯ ಹಾಸ್ಯಭಾಷಣದಲ್ಲಿ ರೂಪರ್ಟ್ ತಾಯಿಯನ್ನು ನೆನೆಯುವ ಮಾತಿದೆ. ಅದನ್ನು ಎರಡು ತುಂಡು ಮಾಡಿದೆ: ‘ಅಮ್ಮ, ನೀನಿಲ್ಲಿ ಏನ್ ಮಾಡ್ತಿದೀಯಾ?’ ಆಮೇಲೆ ಬೇರೆಯಾಗಿ, ‘ನೀನು ಸತ್ತು ಒಂಬತ್ತು ವರ್ಷ ಆಯ್ತಲ್ಲ!’ (ನೆಲಮಾಳಿಗೆಗೆ ಕೇಳುವಂತೆ ಮೇಲಿನಿಂದ ಕೂಗುವ ತಾಯಿಯ ದನಿ ಸ್ಕಾರ್ಸೆಸೆಯ ತಾಯಿ ಕ್ಯಾಥರೀನ್ ಅವರದ್ದು. ಮುಖ ಕಾಣದ ಆ ದನಿಗೆ ಇಟಾಲಿಕ್ ಹಾಕಬೇಡಿ. ಕನ್ನಡ ಫಾಂಟುಗಳಿಗೆ ನಿಜವಾದ ಇಟಾಲಿಕ್ ಇರುವುದು ಅಪರೂಪ, ಅಕ್ಷರ ಸುಮ್ಮನೆ ವಾಲಿಕೊಳ್ಳುತ್ತೆ. ಮುಂದೆ ಒಂದು ಅಡ್ಡಗೆರೆ ಸಾಕು.) ಭಾಷಣದ ಕೊನೆಯ ಸಾಲಿನಲ್ಲಿರುವ ‘ಶ್ಮಕ್’ ಯಿಡ್ಡಿಷ್ ಬೈಗುಳ. ‘ಮೂರ್ಖ’ ಪುಸ್ತಕದ್ದಾಯಿತು, ‘ಪೆದ್ದ’ ಮೆತ್ತಗಾಯಿತು. ‘ಜನ್ಮವಿಡೀ ಬೆಪ್ಪುತಕ್ಕಡಿ ಆಗೋದಕ್ಕಿಂತ ಒಂದು ರಾತ್ರಿ ರಾಜ ಆಗೋದೇ ವಾಸಿ’ ಎಂದು ಇಟ್ಟೆ. ಮೂಲದಲ್ಲಿ ರಾಜ ಮೊದಲು, ಬೆಪ್ಪ ಆಮೇಲೆ. ಕನ್ನಡದ ಹೋಲಿಕೆಗೆ ಈ ಕ್ರಮವೇ ಸಲೀಸು.

ಇನ್ನು ಯಂತ್ರದ ಕೆಲಸ. ಸಬ್‌ಟೈಟಲ್ ಎಡಿಟ್‌ನಂಥ ಸಾಫ್ಟ್‌ವೇರು ಓದುವ ವೇಗವನ್ನು ಯೂನಿಕೋಡ್ ಲೆಕ್ಕದಲ್ಲಿ, ಅಂದರೆ ಒತ್ತು ಗುಣಿತಗಳನ್ನೂ ಬಿಡಿಬಿಡಿಯಾಗಿ ಎಣಿಸಿ, ತೋರಿಸಿದರೆ ನಂಬಬೇಡಿ. ‘ಪಪ್ಕಿನ್’ ಕಣ್ಣಿಗೆ ಮೂರಕ್ಷರ, ಅದಕ್ಕೆ ಏಳು. ಇಂಗ್ಲಿಷಿಗೆ ಸೆಕೆಂಡಿಗೆ 17 ಅಕ್ಷರ ಇಡುವ ಕಡೆ ನಾನು 22 ಇಟ್ಟೆ. ಹೆಚ್ಚೆಂದರೆ ಎರಡು ಸಾಲು, ಕನಿಷ್ಠ ಒಂದು ಸೆಕೆಂಡ್, ಗರಿಷ್ಠ ಆರು. ಫೈಲನ್ನು ಯುಟಿಎಫ್-8ರಲ್ಲೇ (ಯೂನಿಕೋಡ್ ಪಠ್ಯ ಉಳಿಸುವ ಬಗೆ) ಉಳಿಸಿ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದು ತೆರೆಯ ಮೇಲೆ ಕಸವಾಗುತ್ತೆ. ಅಕ್ಷರದ ಸುತ್ತಲಿನ ಔಟ್‌ಲೈನ್ ದಪ್ಪವಾದರೆ ಪ, ಷ ಒಂದೇ ಆಗಿ ಕಾಣುತ್ತವೆ. ಸಾಲುಗಳು ಬರಬರುತ್ತಾ ಹಿಂದೆ ಬೀಳುತ್ತಿದ್ದರೆ ಸಮಯ ಜಾರಿಸಿ ಪ್ರಯೋಜನವಿಲ್ಲ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಓಡುತ್ತವೆ ಅನ್ನುವುದು) ಬೇರೆ ಎಂದೇ ಅರ್ಥ. 23.976ಕ್ಕೆ ಕೂರಿಸಿದ್ದನ್ನು 25ರ ಪ್ರತಿಗೆ ಹಾಕಿದರೆ ಕೊನೆಯ ಹೊತ್ತಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಅಂತರ ಬರುತ್ತೆ. ಫ್ರೇಮ್ ರೇಟ್ ಪರಿವರ್ತಿಸಿ.

ಕೊನೆಯ ದೃಶ್ಯದಲ್ಲಿ ಘೋಷಕ ರೂಪರ್ಟನ ಹೆಸರನ್ನು ಮತ್ತೆ ಮತ್ತೆ ಕೂಗುತ್ತಾನೆ, ರೂಪರ್ಟ್ ಸುಮ್ಮನೆ ನಿಂತಿರುತ್ತಾನೆ. ಒಮ್ಮೆ ಹಾಕಿ ಬಿಡೋಣ ಅನ್ನಿಸುತ್ತೆ. ನಾನು ಪ್ರತಿ ಕೂಗಿಗೂ ಸಾಲು ಹಾಕಿದೆ, ಒಂದೊಂದರ ನಡುವೆ ತೆರೆ ಖಾಲಿ ಬಿಟ್ಟು.