ಬೋರ್ ನೀರಿನ ಮನೆಯಲ್ಲೂ ಗೆರೆಯಿಲ್ಲದ ಕಿಟಕಿ ಗಾಜು: ನನ್ನ ಅನುಭವ

ಬೋರ್ ನೀರಿನ ಮನೆಗಳಲ್ಲಿ ಗಾಜು ಎಷ್ಟು ಒರೆಸಿದರೂ ಒಣಗಿದ ಮೇಲೆ ಬಿಳಿ ಗೆರೆ ಏಳುತ್ತದೆ, ಗ್ಯಾರಂಟಿ ಕೊಡಬೇಡಿ ಅಂತಲೇ ಕಿಟಕಿ ಒರೆಸುವ ಕೆಲಸದವರೆಲ್ಲ ಹೇಳುತ್ತಿದ್ದರು. ಬೆಂಗಳೂರಿನ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆಯ ಫ್ಲ್ಯಾಟುಗಳಲ್ಲಿ ನಾನು ಈಗ ಗ್ಯಾರಂಟಿ ಕೊಟ್ಟೇ ಕೆಲಸ ಹಿಡಿಯುತ್ತೇನೆ. ಗೆರೆ ಉಳಿದಿದೆ ಅಂತ ವಾಪಸ್ ಕರೆಯುವುದು ನಿಂತೇಹೋಗಿದೆ.

ಲಿಕ್ವಿಡ್ ಬದಲಿಸಿ ಬದಲಿಸಿ ದುಡ್ಡು ಕಳೆಯುವವರು ನೀರನ್ನು ನೋಡುವುದೇ ಇಲ್ಲ. ಈ ಕಡೆಯ ಬೋರ್ ನೀರಿಗೆ ಮೀಟರ್ ಹಾಕಿದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ, ಲೀಟರಿಗೆ ಮಿಲಿಗ್ರಾಂನಲ್ಲಿ) ಸುಮಾರು 900, 1000 ತೋರಿಸುತ್ತದೆ. ಅಂದರೆ ಲೀಟರಿಗೆ ಹತ್ತಿರಹತ್ತಿರ ಒಂದು ಗ್ರಾಂ ಉಪ್ಪಿನಂಶ. ಗಾಜಿನ ಮೇಲೆ ಒಣಗಿದ ಪ್ರತಿ ಹನಿಯೂ ತನ್ನ ಪಾಲಿನ ಸುಣ್ಣ ಬಿಟ್ಟೇ ಹೋಗುತ್ತದೆ. ಅದೇ ಮನೆಯ ಅಡುಗೆಮನೆಯ ಆರ್‌ಒ ಫಿಲ್ಟರ್ ನೀರು 50ರ ಆಸುಪಾಸು. ಮೂರು ಬೆಡ್‌ರೂಮಿನ ಮನೆಗೆ ಐದಾರು ಲೀಟರ್ ಆರ್‌ಒ ನೀರು ಸಾಕು. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರನ್ನು ಮಾತ್ರ ಗಾಜಿಗೆ ಮುಟ್ಟಿಸಬೇಡಿ, ಅದು ಬೋರ್ ನೀರಿಗಿಂತ ಗಡಸು.

ಮೂರು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಟೀ ಚಮಚ, ಅಷ್ಟೇ. ನೊರೆ ಚೆನ್ನಾಗಿ ಬರಲಿ ಅಂತ ಇನ್ನೊಂದಿಷ್ಟು ಸುರಿದರೆ, ಒಣಗಿದ ಮೇಲೆ ಓರೆಯಾಗಿ ನೋಡಿದಾಗ ಎಣ್ಣೆ ಬಿದ್ದ ಹಾಗೆ ಮಸುಕು ಕಾಣುತ್ತದೆ.

ಮೊದಲು ಸೊಳ್ಳೆ ಮೆಶ್, ಆಮೇಲೆ ಟ್ರ್ಯಾಕ್, ಕೊನೆಗೆ ಗಾಜು. ಟ್ರ್ಯಾಕಿನ ದೂಳನ್ನು ಒಣ ಬ್ರಷ್‌ನಲ್ಲೇ ಎತ್ತಬೇಕು. ನೀರು ತಾಗಿದರೆ ಕೆಸರಾಗುತ್ತದೆ. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಲ್ಲಿ ಮಳೆನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ, ಅವನ್ನೂ ಕಡ್ಡಿಯಿಂದ ಬಿಡಿಸಿ.

ವೈಪರ್ ವಿಷಯದಲ್ಲಿ ಜಿಪುಣತನ ಬೇಡ. ನೆಲದ ವೈಪರಿನ ಮರಿಯಂತಿರುವ ಎಂಬತ್ತು ನೂರು ರೂಪಾಯಿಯ ಸ್ಪಂಜ್ ರಬ್ಬರಿನದು ನೀರನ್ನು ತಳ್ಳುತ್ತದೆ, ಕತ್ತರಿಸುವುದಿಲ್ಲ. ಅಂಥವಕ್ಕೆ ಸುರಿದ ದುಡ್ಡು ಪೂರ್ತಿ ದಂಡ. 14 ಇಂಚಿನ ಸ್ಟೀಲ್ ಹಿಡಿಯ ಒಳ್ಳೆಯದಕ್ಕೆ ಆರೇಳು ನೂರು ಆಗುತ್ತದೆ, ರಬ್ಬರ್ ಪಟ್ಟಿ ಬೇರೆ ಸಿಗುತ್ತದೆ. ಒಂದು ಅಂಚು ಮೊಂಡಾದಾಗ ಪಟ್ಟಿ ತಿರುಗಿಸಿ ಇನ್ನೊಂದು ಅಂಚು ಬಳಸಬಹುದು. ರಬ್ಬರ್ ಬಹುಕಾಲ ಮೆತ್ತಗಿರಲು ರಾತ್ರಿ ನಾನು ಮಾಡುವ ಉಪಚಾರವೊಂದಿದೆ. ಅದು ನನ್ನಲ್ಲೇ ಇರಲಿ.

ಗಾಜಿಗೆ ಸೋಪು ನೀರು ಹಚ್ಚಿ, ವೈಪರ್ ಎಳೆಯುವ ಮುಂಚೆ ಗಾಜಿನ ಮೇಲಂಚು ಮತ್ತು ಒಂದು ಪಕ್ಕದಂಚಿನಲ್ಲಿ ಒಂದಿಂಚು ಅಗಲ ಒಣಗಿಸಿಕೊಳ್ಳಿ. ಒಣ ಜಾಗದಿಂದ ಶುರುವಾದ ಎಳೆತಕ್ಕೆ ಮೇಲಿನ ನೀರು ಸೋರಿ ಬರುವುದಿಲ್ಲ. ವೈಪರನ್ನು ಸ್ವಲ್ಪ ಓರೆ ಹಿಡಿದು, ನೀರು ಒದ್ದೆ ಪಕ್ಕಕ್ಕೇ ಹರಿಯುವಂತೆ ಮೇಲಿಂದ ಕೆಳಗೆ ಒಂದೇ ಉಸಿರಿನಲ್ಲಿ ಎಳೆಯಿರಿ. ಮುಂದಿನ ಎಳೆತ ಹಿಂದಿನದರ ಮೇಲೆ ಎರಡಿಂಚು ಹತ್ತಬೇಕು. ಪ್ರತಿ ಎಳೆತಕ್ಕೂ ರಬ್ಬರ್ ಒರೆಸಬೇಕು, ಬೇಸರವಾದರೂ ಬಿಡುವಂತಿಲ್ಲ.

ಗೆರೆ ಬಿದ್ದರೆ ಅದರ ರೂಪ ನೋಡಿಯೇ ಕಾರಣ ಹೇಳಬಹುದು. ಪ್ರತಿ ಎಳೆತದಲ್ಲೂ ರಬ್ಬರಿನ ಅದೇ ಜಾಗದಲ್ಲಿ ಕೂದಲಿನಂಥ ಗೆರೆ ಬಂದರೆ ರಬ್ಬರಿಗೆ ಕಚ್ಚು ಬಿದ್ದಿದೆ. ಉಗುರು ಸವರಿದರೆ ಸಿಕ್ಕಿಬಿಡುತ್ತದೆ. ಎರಡು ಎಳೆತಗಳ ನಡುವೆ ಬಂದರೆ ಹತ್ತಿಸಿದ್ದು ಸಾಲದು. ಅಗಲವಾದ ಮಸುಕು ಸೋಪಿನದು, ಇಲ್ಲವೇ ಅಡುಗೆಮನೆ ಕಡೆಯ ಜಿಡ್ಡಿನದು. ಎಲ್ಲ ಮುಗಿದು ಐದು ನಿಮಿಷಕ್ಕೆ ಮೇಲಿಂದ ಒಂಟಿ ಹನಿ ಇಳಿದರೆ ಅದು ಚೌಕಟ್ಟಿನ ಗ್ಯಾಸ್ಕೆಟ್ (ಗಾಜಿನಂಚಿನ ರಬ್ಬರ್ ಪಟ್ಟಿ) ಹಿಡಿದಿಟ್ಟಿದ್ದ ನೀರು. ಆಗ ಇಡೀ ಗಾಜು ಮತ್ತೆ ಒದ್ದೆ ಮಾಡಬೇಡಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಅಷ್ಟನ್ನೇ ತೆಗೆಯಿರಿ. ಆ ಬಟ್ಟೆಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಿ ಒಗೆದಿರಬಾರದು, ಅದೇ ಗಾಜಿಗೆ ಹತ್ತುತ್ತದೆ.

ಬಿಸಿಲು ಬಿದ್ದ ಗಾಜಿಗೆ ಕೈ ಹಾಕುವುದಿಲ್ಲ. ಪೂರ್ವದ ಕಿಟಕಿ ಮಧ್ಯಾಹ್ನದ ಮೇಲೆ, ಪಶ್ಚಿಮದ್ದು ಬೆಳಿಗ್ಗೆ. ಏಪ್ರಿಲ್‌ನಲ್ಲಂತೂ ಎಳೆಯುವಷ್ಟರಲ್ಲೇ ನೀರು ಆರಿಹೋಗಿರುತ್ತದೆ.

ವರ್ಷಗಟ್ಟಲೆ ಕೂತ ಸುಣ್ಣದ ಕಲೆಗೆ ಇದ್ಯಾವುದೂ ಸಾಲದು. ಸಿಟ್ರಿಕ್ ಆಸಿಡ್ ಪುಡಿ ಲೀಟರಿಗೆ 50 ಗ್ರಾಂ ಕರಗಿಸಿ, ಟಿಶ್ಯೂ ಪೇಪರ್ ಅದ್ದಿ ಗಾಜಿಗೆ ಅಂಟಿಸಿ, ಒಣಗಗೊಡದೆ ಹದಿನೈದು ಇಪ್ಪತ್ತು ನಿಮಿಷ ಬಿಡಬೇಕು. ಕಿಟಕಿ ಕಟ್ಟೆ ಮಾರ್ಬಲ್ಲೋ ಕಡಪ ಕಲ್ಲೋ ಆಗಿದ್ದರೆ ಮೊದಲೇ ಪ್ಲಾಸ್ಟಿಕ್ ಹಾಸಿ; ಎರಡೂ ಸುಣ್ಣದ ಕಲ್ಲೇ, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ. ಟಾಯ್ಲೆಟ್ ಆಸಿಡ್ ಬೇಗ ಕೆಲಸ ಮಾಡುತ್ತದೆ ಅಂತ ಕೆಲವರು ವಾದಿಸುತ್ತಾರೆ. ಅದು ಅಲ್ಯೂಮಿನಿಯಂ ಚೌಕಟ್ಟನ್ನೂ ತಿನ್ನುತ್ತದೆ. ಚೌಕಟ್ಟು ಬದಲಿಸುವ ಖರ್ಚು ಯಾರು ಕೊಡುತ್ತಾರೆ? ಹುಳಿಗೂ ಜಗ್ಗದ ಕಲೆ ಸಾಮಾನ್ಯವಾಗಿ ಸಿಲಿಕಾದ್ದು, ಅಂದರೆ ಮರಳಿನಲ್ಲಿರುವಂಥ ಖನಿಜದ್ದು. ಅದಕ್ಕೆ ಗಾಜು ಪಾಲಿಶ್ ಮಾಡುವ ಸೀರಿಯಂ ಆಕ್ಸೈಡ್ ಪುಡಿ ಕಲಸಿ ಉಜ್ಜಬೇಕು. ಕೈ ನೋವು ಜಾಸ್ತಿ, ರೇಟೂ ಬೇರೆ. ಕನ್ನಡಿಯಂತೆ ಹೊಳೆಯುವ ಕೋಟಿಂಗ್ ಗಾಜಿಗೆ ಇದೂ ಬೇಡ, ಬ್ಲೇಡಿನಿಂದ ಕೆರೆಯುವುದೂ ಬೇಡ.

ಬೇರೆ ನೀರುಗಳನ್ನೂ ಪರೀಕ್ಷಿಸಿದ್ದೇನೆ. ಎಸಿ ಪೈಪಿನಿಂದ ಹನಿಯುವ ನೀರಿನ ಟಿಡಿಎಸ್ ಆರ್‌ಒಗಿಂತಲೂ ಕಡಿಮೆ. ಬಟ್ಟೆಯಲ್ಲಿ ಸೋಸಿ ಅವತ್ತೇ ಬಳಸಿದರೆ ಚೆನ್ನ, ಇಟ್ಟರೆ ಲೋಳೆಯಾಗುತ್ತದೆ. ಮಳೆನೀರೂ ಒಳ್ಳೆಯದೇ, ಮೊದಲ ಮಳೆಯದು ಬಿಟ್ಟು. ಅಂಟುವಾಳ ನೆನೆಸಿದ ನೀರಿನಲ್ಲಿ ಕೊಳೆ ಬಿಟ್ಟರೂ ಕಂದು ಛಾಯೆ ಉಳಿಯಿತು. ನ್ಯೂಸ್‌ಪೇಪರಿನಿಂದ ಒರೆಸಿದರೆ ಬಿಳಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿಗೆ ಶಾಯಿ ಹತ್ತುತ್ತದೆ.

ಮೊದಲು ಒಂದು ಮನೆಗೆ ಸ್ಪ್ರೇ ಬಾಟಲಿಗಳಿಗೇ ಇನ್ನೂರು ರೂಪಾಯಿ ಹತ್ತಿರ ಹೋಗುತ್ತಿತ್ತು, ಇಬ್ಬರಿಗೆ ಇಡೀ ದಿನದ ಕೆಲಸ. ಈಗ ಸಾಮಾನಿಗೆ ಹತ್ತು ಹದಿನೈದು ರೂಪಾಯಿ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಗ್ರಿಲ್ ಇರುವ ಕಡೆ ಹೊರಮೈಗೆ ಹೀಗೆ ಎಳೆಯಲು ಜಾಗವಿಲ್ಲ. ಅಲ್ಲಿ 6 ಇಂಚಿನ ಪಟ್ಟಿ ಕತ್ತರಿಸಿ, ಹಿಡಿ ಬಗ್ಗಿಸಿಕೊಂಡ ನನ್ನದೇ ವೈಪರಿದೆ. ಹಿಡಿಯ ಅಳತೆ ಕೊಡುವುದಿಲ್ಲ, ಆದರೆ ನಿಮ್ಮ ಗ್ರಿಲ್ಲಿನ ಸಂದಿ ಅಳೆದುಕೊಂಡು ಕೂತರೆ ನೀವೂ ಮಾಡಿಕೊಳ್ಳಬಹುದು.