ಹಿಮವೂ ಬರವೂ ಒಟ್ಟಿಗಿರುವ ನೆಲಕ್ಕೆ ಗಿಡ ಆರಿಸಿದ ಬಗೆ

ಬರ ಎಂದರೆ ಉರಿಬಿಸಿಲು ಎಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ನಾನಿರುವ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ಪೂರ್ವದ ಬಯಲಿನಲ್ಲಿ, ತೋಟದ ಗಿಡಗಳನ್ನು ಚಳಿಗಾಲದ ಬರವೂ ಕೊಲ್ಲುತ್ತದೆ. ಇಲ್ಲಿ ನೆಲದ ಎತ್ತರ ಸುಮಾರು 1,600 ಮೀಟರ್. ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸಿಗುವ ನೀರು ಹೆಚ್ಚುಕಡಿಮೆ 350ರಿಂದ 400 ಮಿಲಿಮೀಟರ್. ಪಶ್ಚಿಮದಿಂದ ಬರುವ ತೇವದ ಬಹುಪಾಲನ್ನು ಪರ್ವತಗಳೇ ಇಳಿಸಿಕೊಂಡು ನಮಗೆ ಒಣಗಾಳಿಯನ್ನು ದಾಟಿಸುತ್ತವೆ. ಚಿನೂಕ್ ಎಂಬ ಆ ಗಾಳಿ ಜನವರಿಯಲ್ಲೂ ಬೆಚ್ಚಗೆ ಬೀಸಿ, ಹಿಂದಿನ ದಿನ ಬಿದ್ದ ಹಿಮವನ್ನು ಮಧ್ಯಾಹ್ನದೊಳಗೆ ಇಲ್ಲವಾಗಿಸುವುದುಂಟು. ಕೆಳಗೆ ಮಣ್ಣು ಹೆಪ್ಪುಗಟ್ಟಿರುವುದರಿಂದ ಬೇರಿಗೆ ನೀರು ಎಟುಕುವುದಿಲ್ಲ. ಮೇಲೆ ಬಿಸಿಲೂ ಗಾಳಿಯೂ ಎಲೆಯಿಂದ ನೀರನ್ನು ಎಳೆಯುತ್ತಲೇ ಇರುತ್ತವೆ. ವಸಂತದಲ್ಲಿ ಕಂದುಗಟ್ಟಿ ನಿಂತ ಗಿಡವನ್ನು ನೋಡಿ ಚಳಿಗೆ ಸತ್ತಿತು ಎನ್ನುತ್ತಾರೆ. ಎಷ್ಟೋ ಸಲ ಅದು ಸತ್ತಿರುವುದು ಬಾಯಾರಿ.

ಮನೆಯ ಮುಂದಿನ ಕೆಂಟುಕಿ ಬ್ಲೂಗ್ರಾಸ್ ಹುಲ್ಲುಹಾಸನ್ನು ತೆಗೆದು ಈ ಬಯಲಿನದೇ ಗಿಡಗಳನ್ನು ಹಾಕಲು ಹೊರಟಾಗ, ನರ್ಸರಿಯ ಚೀಟಿಗಳನ್ನು ನೆಚ್ಚಬಾರದು ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ಚೀಟಿಯಲ್ಲಿ ಇರುವುದು ಮುಖ್ಯವಾಗಿ ಎರಡು ಮಾತು: ವಲಯದ ಸಂಖ್ಯೆ ಮತ್ತು ‘ಕಡಿಮೆ ನೀರು ಸಾಕು’. ಅಮೆರಿಕದ ಕೃಷಿ ಇಲಾಖೆಯ ವಲಯ ನಕ್ಷೆ 2023ರಲ್ಲಿ ಪರಿಷ್ಕರಣೆಗೊಂಡಿದೆ. ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿ ಎಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. 5ನೇ ವಲಯವೆಂದರೆ ಸುಮಾರು ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್. ಆ ಚಳಿ ಯಾವಾಗ ಬಂತು, ಎಷ್ಟು ಬೇಗ ಬಂತು, ಬಂದಾಗ ಮಣ್ಣು ಒದ್ದೆಯಿತ್ತೋ ಒಣಗಿತ್ತೋ ಎಂಬುದು ನಕ್ಷೆಯಲ್ಲಿ ಇಲ್ಲ. 2014ರ ನವೆಂಬರ್‌ನಲ್ಲಿ ಬೆಚ್ಚನೆಯ ಶರತ್ಕಾಲದ ನಡುವೆ ಡೆನ್ವರ್ ಸುತ್ತಮುತ್ತ ಉಷ್ಣಾಂಶ ದಿಢೀರನೆ ಮೈನಸ್ 25 ಡಿಗ್ರಿಯ ಆಸುಪಾಸಿಗೆ ಕುಸಿಯಿತು. ನಕ್ಷೆಯ ಲೆಕ್ಕದಲ್ಲಿ ಅದು ಅಸಾಧಾರಣ ಚಳಿಯಲ್ಲ. ಆದರೂ ಇನ್ನೂ ಚಳಿಗೆ ಹದಗೊಳ್ಳದ ಎಷ್ಟೋ ಮರಗಳು ಮರುವರ್ಷ ಚಿಗುರಲಿಲ್ಲ. ಇಂಥ ಏರಿಳಿತವನ್ನು ಸಾವಿರಾರು ವರ್ಷ ಕಂಡು ಉಳಿದ ಗಿಡವೇ ಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

‘ಸ್ಥಳೀಯ’ ಎಂಬ ಚೀಟಿಯನ್ನು ನಾನು ಇನ್ನೂ ಹೆಚ್ಚು ಅನುಮಾನದಿಂದ ನೋಡುತ್ತೇನೆ. ಆಸ್ಪೆನ್ ಕೊಲರಾಡೊದ್ದೇ ಮರ, ಶರತ್ಕಾಲದಲ್ಲಿ ಅದರ ಹಳದಿ ನೋಡಲು ಜನ ಬೆಟ್ಟ ಹತ್ತುತ್ತಾರೆ. ಅದೇ ಮರವನ್ನು ಬಯಲಿನ ಬಿಸಿ ಜೇಡಿಮಣ್ಣಿಗೆ ತಂದು ನೆಟ್ಟರೆ ಕಾಂಡಕ್ಕೆ ಹುಣ್ಣು, ತೊಗಟೆಗೆ ಶಲ್ಕಕೀಟ. ರಾಜ್ಯದ ಹೂವಾದ ನೀಲಿ ಕೊಲಂಬೈನ್ ಕೂಡ ಬೆಟ್ಟದ ತಂಪಿನ, ತೇವದ ಗಿಡ. ಎಲ್ಲ ಕಡೆ ಸ್ಥಳೀಯವೆಂದು ಮಾರುವ ನೇರಳೆ ಕೋನ್‌ಫ್ಲವರ್‌ನ ನೆಲೆ ಇಲ್ಲಿಂದ ಪೂರ್ವಕ್ಕೆ, ಮಳೆ ಹೆಚ್ಚಿರುವ ಕಡೆ. ನೀರು ಕೊಡದಿದ್ದರೆ ಜುಲೈನಲ್ಲಿ ಅದರ ಎಲೆ ಜೋತುಬೀಳುತ್ತದೆ. ಬರವನ್ನು ತಾಳುವುದೊಂದೇ ಗುಣವೂ ಅಲ್ಲ. ಮರ್ಟಲ್ ಸ್ಪರ್ಜ್ ಎಂಬ ಯುರೋಪ್ ಕಡೆಯ ಗಿಡವನ್ನು ಒಂದು ಕಾಲಕ್ಕೆ ಬರತೋಟಕ್ಕೆಂದೇ ಮಾರುತ್ತಿದ್ದರು. ಈಗ ಅದು ರಾಜ್ಯದ ಹಾನಿಕಾರಕ ಕಳೆಗಳ ಮೊದಲ ಪಟ್ಟಿಯಲ್ಲಿದೆ, ಕಂಡರೆ ಕೀಳಲೇಬೇಕು. ಕೀಳುವಾಗ ಕೈಗವಸು ಮರೆಯಬಾರದು, ಅದರ ಹಾಲು ಚರ್ಮವನ್ನು ಸುಡುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಊರಿನ ಅಂಚಿನಲ್ಲಿ ಮನೆ ಕಟ್ಟದೆ ಉಳಿಸಿರುವ ಬಯಲುಗಳಲ್ಲಿ ನಾನು ಆಗಸ್ಟ್ ಕೊನೆಯಲ್ಲಿ ನಡೆದಾಡುತ್ತೇನೆ. ಮೇ, ಜೂನ್‌ನಲ್ಲಿ ಎಲ್ಲವೂ ಚೆಂದ, ಆಗ ನೋಡಿ ಏನೂ ತಿಳಿಯದು. ಆಗಸ್ಟ್‌ನಲ್ಲಿ ಯಾವುದು ಹಸಿರಾಗಿದೆ, ಅದು ದಕ್ಷಿಣದ ಇಳಿಜಾರಿನಲ್ಲಿದೆಯೋ ಉತ್ತರದಲ್ಲೋ, ಕಾಲಡಿ ಜಲ್ಲಿಯೋ ಜೇಡಿಯೋ, ಪಕ್ಕದಲ್ಲಿ ಯಾವ ಹುಲ್ಲು, ಇಷ್ಟನ್ನು ಬರೆದುಕೊಳ್ಳುತ್ತೇನೆ. ಗಿಡವನ್ನಾಗಲಿ ಬೀಜವನ್ನಾಗಲಿ ಅಲ್ಲಿಂದ ತರುವುದಿಲ್ಲ, ಅದಕ್ಕೆ ಅನುಮತಿ ಇಲ್ಲ. ಆಮೇಲೆ ಮನೆಯ ಅಂಗಳವನ್ನೂ ಅದೇ ಕಣ್ಣಿನಿಂದ ಅಳೆದೆ. ದಕ್ಷಿಣದ ಗೋಡೆಯ ಬುಡದಲ್ಲಿ ಹಿಮ ನಿಲ್ಲುವುದೇ ಇಲ್ಲ. ನಡುವಿನ ಸಮತಟ್ಟು ಜೇಡಿ. ಉತ್ತರದ ನೆರಳಿನಲ್ಲಿ ಹಿಮ ವಾರಗಟ್ಟಲೆ ಉಳಿದು ನಿಧಾನವಾಗಿ ಇಂಗುತ್ತದೆ. ಒಂದೇ ಅಂಗಳದಲ್ಲಿ ಮೂರು ಹವಾಮಾನ.

ನಡುವಿನ ಜೇಡಿಗೆ ಯೋಚನೆಯೇ ಬೇಕಿರಲಿಲ್ಲ: ಬ್ಲೂ ಗ್ರಾಮ ಹುಲ್ಲು. ಈ ಬಯಲಿನ ಒಡೆಯ ಅದೇ, ರಾಜ್ಯದ ಹುಲ್ಲೆಂಬ ಮಾನವೂ ಅದಕ್ಕಿದೆ. ತೆನೆಗಳು ಕಡ್ಡಿಯ ತುದಿಯಲ್ಲಿ ಹುಬ್ಬಿನ ಹಾಗೆ ಅಡ್ಡಡ್ಡ ನಿಲ್ಲುತ್ತವೆ. ಬಿಸಿಗಾಲದ ಹುಲ್ಲಾದ್ದರಿಂದ ಮೇ ತಿಂಗಳ ಮಧ್ಯದವರೆಗೂ ಒಣಹುಲ್ಲಿನಂತೆ ಬಿದ್ದಿರುತ್ತದೆ. ಅಕ್ಕಪಕ್ಕದ ಹಾಸುಗಳು ಏಪ್ರಿಲ್‌ನಲ್ಲೇ ಹಸಿರಾದಾಗ ನೆರೆಯವರು ಕನಿಕರದಿಂದ ನೋಡುತ್ತಾರೆ. ಹುಲ್ಲಿನ ನಡುನಡುವೆ ಲಯಾಟ್ರಿಸ್ ಪಂಕ್ಟೇಟ ಎಂಬ ನೇರಳೆ ಹೂವಿನ ಗಿಡ ಹಾಕಿದ್ದೇನೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ ಕಳೆದ ಶತಮಾನದ ಮೊದಲ ಅರ್ಧದಲ್ಲಿ ಹುಲ್ಲುಗಾವಲುಗಳಲ್ಲಿ ಆಳವಾದ ಕಂದಕ ತೋಡಿಸಿ ಬೇರುಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರ ಬರೆದವರು. ಮೊಣಕಾಲೆತ್ತರದ ಈ ಗಿಡದ ಬೇರು ನಾಲ್ಕು ಮೀಟರ್‌ಗೂ ಕೆಳಗೆ ಇಳಿಯಬಲ್ಲದು ಎಂಬುದು ಅಂಥ ಅಗೆತಗಳಿಂದ ತಿಳಿದ ಸಂಗತಿ. ಕೈಬೆರಳಷ್ಟು ಬೇರಿನ ಬ್ಲೂಗ್ರಾಸ್‌ಗೆ ವಾರಕ್ಕೆ ಮೂರು ಸಲ ನೀರುಣಿಸಿದ ನಮಗೆ ಇದನ್ನು ಓದಿದಾಗ ಆಗುವ ನಾಚಿಕೆ ಸಣ್ಣದಲ್ಲ.

ದಕ್ಷಿಣದ ಗೋಡೆಯ ಬಳಿ ಪಾಪಾಸುಕಳ್ಳಿಯ ಸ್ಥಳೀಯ ಜಾತಿ ಒಪನ್ಷಿಯ ಪಾಲಿಅಕಾಂತ, ಹಳದಿ ಹೂವಿನ ಸಲ್ಫರ್ ಬಕ್‌ವೀಟ್ ಮತ್ತು ಕತ್ತಿಯಂಥ ಎಲೆಯ ಸಣ್ಣ ಯಕ್ಕ. ಕಳ್ಳಿ ಹಿಮದಲ್ಲಿ ಬದುಕುತ್ತದೆ ಎಂದರೆ ನೆಂಟರಿಷ್ಟರು ನಂಬುವುದಿಲ್ಲ. ಚಳಿ ಹತ್ತಿರವಾದಂತೆ ಅದು ತನ್ನ ನೀರನ್ನು ತಾನೇ ಕಡಿಮೆ ಮಾಡಿಕೊಂಡು, ಸುಕ್ಕುಗಟ್ಟಿ, ನೆಲಕ್ಕೆ ಮಲಗುತ್ತದೆ. ಒಳಗಿನ ರಸ ಗಟ್ಟಿಯಾದಷ್ಟೂ ಹೆಪ್ಪುಗಟ್ಟುವ ಅಪಾಯ ಕಡಿಮೆ. ಸತ್ತಂತೆಯೇ ಕಾಣುವ ಆ ಹೊತ್ತಿನಲ್ಲಿ ಅದಕ್ಕೆ ಬೇಡವಾದದ್ದು ಒಂದೇ, ಬುಡದಲ್ಲಿ ನಿಲ್ಲುವ ನೀರು. ಅಲ್ಲಿಯೇ ಫ್ರಿಂಜ್ಡ್ ಸೇಜ್ ಕೂಡ ಇದೆ. ಅದು ನಮ್ಮ ದವನದ ಕುಲದ್ದೇ, ಎಲೆ ಉಜ್ಜಿದರೆ ನಂಟು ತಿಳಿಯುತ್ತದೆ.

ಉತ್ತರದ ತೇವಕ್ಕೆ ಪೊದೆಗಳು: ಮೂರೆಲೆಯ ಸುಮಾಕ್, ಸ್ಯಾಂಡ್ ಚೆರ್ರಿ. ವಿಶೇಷ ಆರೈಕೆ ಕೇಳಿಲ್ಲ, ಹೇಳುವುದಕ್ಕೂ ಹೆಚ್ಚಿಲ್ಲ. ಇವು ಕೆನಡಾದ ಗಡಿಯಾಚೆಗೂ ದಕ್ಷಿಣದ ಬಿಸಿನಾಡಿಗೂ ಹಬ್ಬಿದ ಕುಲಗಳು, ಹಾಗಾಗಿ ಕೊಳ್ಳುವಾಗ ತಾಯಿಗಿಡದ ಬೀಜ ಎಲ್ಲಿಯದು ಎಂದು ಕೇಳುತ್ತೇನೆ. ದಕ್ಷಿಣದ ಬೀಜದಿಂದ ಬಂದ ಸಸಿ ಶರತ್ಕಾಲದಲ್ಲಿ ಬೆಳೆಯುವುದನ್ನು ತಡವಾಗಿ ನಿಲ್ಲಿಸುತ್ತದೆ, ನವೆಂಬರ್‌ನ ಪೆಟ್ಟು ಅದಕ್ಕೇ ಬೀಳುತ್ತದೆ. ಬೀಜದ ಮೂಲ ಗೊತ್ತಿರುವ ನರ್ಸರಿಯಲ್ಲಿ ಗಿಡ ಸಣ್ಣದಾಗಿದ್ದರೂ ಕೊಳ್ಳುತ್ತೇನೆ.

ಮಣ್ಣಿನ ವಿಷಯದಲ್ಲಿ ತೋಟಗಾರಿಕೆಯ ರೂಢಿಯ ಪಾಠವನ್ನು ಬಿಡಬೇಕಾಯಿತು. ಕಾಂಪೋಸ್ಟ್ ಹಾಕಲಿಲ್ಲ. ಕೊಬ್ಬಿದ ಮಣ್ಣಿನಲ್ಲಿ ಪೆನ್‌ಸ್ಟೆಮನ್ ಎಂಬ ಇಲ್ಲಿನ ಹೂಗಿಡಗಳು ಸೊಂಪಾಗಿ ಎದ್ದು, ಮಳೆಗೆ ಮಗುಚಿಬಿದ್ದು, ಚಳಿಗಾಲದಲ್ಲಿ ಬುಡ ಕೊಳೆತು ಹೋಗುತ್ತವೆ. ಹುಲ್ಲನ್ನು ಬಾಡಿಗೆ ಯಂತ್ರದಿಂದ ಬೇರುಸಹಿತ ಸುಲಿದು, ಕಳ್ಳಿಗೂ ಪೆನ್‌ಸ್ಟೆಮನ್‌ಗೂ ದಪ್ಪ ಮರಳು, ಜಲ್ಲಿ ಬೆರೆಸಿದ ದಿಬ್ಬ ಏರಿಸಿದೆ. ಹೊದಿಕೆಗೆ ಮರದ ಚಕ್ಕೆ ಬಿಟ್ಟು ಸಣ್ಣ ಜಲ್ಲಿಯನ್ನೇ ಹರಡಿದೆ. ಚಕ್ಕೆ ತೇವವನ್ನು ಬುಡಕ್ಕೆ ಅಂಟಿಸಿ ಇಡುತ್ತದೆ, ಈ ಗಾಳಿಗೆ ಬೀದಿಗೂ ಹಾರುತ್ತದೆ.

ಇಲ್ಲಿ ಬೆಂಕಿಯ ಮಾತನ್ನೂ ಆಡಬೇಕು. 2021ರ ಡಿಸೆಂಬರ್ 30ರಂದು ಬೋಲ್ಡರ್ ಕೌಂಟಿಯಲ್ಲಿ ಎದ್ದ ಮಾರ್ಷಲ್ ಬೆಂಕಿ ಒಣಹುಲ್ಲಿನ ಮೇಲೆ ಬಿರುಗಾಳಿ ಹಿಡಿದು ಓಡಿ ಒಂದು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು, ಅದೂ ನಡುಚಳಿಯಲ್ಲಿ. ಹಾಗಾಗಿ ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ಬರೀ ಜಲ್ಲಿ. ದಕ್ಷಿಣದ ಕಳ್ಳಿಯ ಪಾತಿಯೂ ಆ ಗೆರೆಯಿಂದಾಚೆಗೇ ಶುರುವಾಗುತ್ತದೆ. ಜೂನಿಪರ್ ಪೊದೆ ಸ್ಥಳೀಯವಾದರೂ ನನ್ನ ಪಟ್ಟಿಯಲ್ಲಿ ಇಲ್ಲ, ಅದು ಎಣ್ಣೆ ತುಂಬಿಕೊಂಡ ಗಿಡ.

ಬರ ತಾಳುವ ಗಿಡಕ್ಕೆ ನೀರೇ ಬೇಡ ಎಂಬ ನಂಬಿಕೆ ಹಲವು ತೋಟಗಳನ್ನು ಕೆಡಿಸಿದೆ. ಬೇರು ಇಳಿಯುವವರೆಗೆ ಅದೂ ಎಳೆಗಿಡವೇ. ಮೊದಲ ಬೇಸಿಗೆ ವಾರಕ್ಕೊಮ್ಮೆ ಆಳವಾಗಿ, ಎರಡನೆಯ ಬೇಸಿಗೆ ಎರಡು ಮೂರು ವಾರಕ್ಕೊಮ್ಮೆ, ಆಮೇಲೆ ಮಳೆಗೆ ಬಿಟ್ಟದ್ದು. ಕುಂಡದ ಪೀಟ್ (ಜೌಗಿನ ಕೊಳೆತ ಪಾಚಿ) ಮಿಶ್ರಣವನ್ನು ಬೇರಿನಿಂದ ಆದಷ್ಟು ಉದುರಿಸಿ ನೆಡುತ್ತೇನೆ, ಇಲ್ಲದಿದ್ದರೆ ಆ ಉಂಡೆ ಒಮ್ಮೆ ಒಣಗಿದರೆ ಮತ್ತೆ ನೀರು ಹಿಡಿಯದು. ಸೆಪ್ಟೆಂಬರ್ ಮಧ್ಯದ ನಂತರ ನೆಡುವುದಿಲ್ಲ: ಬೇರು ಹಿಡಿಯದ ಸಸಿಯನ್ನು ಮಣ್ಣು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಮೇಲಕ್ಕೆ ಎತ್ತಿ ಬಿಸಾಡುತ್ತದೆ. ಹೊಸ ಗಿಡಗಳಿಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೂ ತಿಂಗಳಿಗೊಮ್ಮೆ ನೀರು ಬೇಕು, ನೆಲದಲ್ಲಿ ಹಿಮವಿಲ್ಲದೆ ಉಷ್ಣಾಂಶ 4 ಡಿಗ್ರಿಗಿಂತ ಮೇಲಿರುವ ದಿನ, ಮಧ್ಯಾಹ್ನದ ಹೊತ್ತಿಗೆ. ಹಾದಿಯಿಂದ ಗೋರಿದ ಹಿಮವನ್ನು ಪಾತಿಗಳ ಮೇಲೆ ರಾಶಿ ಹಾಕುತ್ತೇನೆ, ಉಪ್ಪು ಎರಚಿದ ಕಡೆಯದನ್ನು ಮಾತ್ರ ಬಿಟ್ಟು. ಮಳೆನೀರು ಹಿಡಿಯುವುದಕ್ಕೂ ಇಲ್ಲಿ ಕಾನೂನಿದೆ. 2016ರಿಂದ ಮನೆಗೆ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್, ಅಂದರೆ ಸುಮಾರು 416 ಲೀಟರ್‌ಗೆ ಅವಕಾಶ. ಅದಕ್ಕೂ ಮುಂಚೆ ಹೆಚ್ಚಿನ ಮನೆಗಳಿಗೆ ತಮ್ಮ ಸೂರಿನ ನೀರೂ ತಮ್ಮದಲ್ಲ.

ಬಡಾವಣೆಯ ಮನೆಮಾಲೀಕರ ಸಂಘದಿಂದ ‘ಕಳೆ ಬೆಳೆಸಿದ್ದೀರಿ’ ಎಂಬ ಪತ್ರ ಬಂತು. 2023ರ ರಾಜ್ಯ ಕಾನೂನಿನ ಪ್ರಕಾರ ಬಿಡಿಮನೆಗಳಿರುವ ಬಡಾವಣೆಯ ಸಂಘ ನೀರು ಉಳಿಸುವ ತೋಟದ ಕನಿಷ್ಠ ಮೂರು ಮಾದರಿಗಳನ್ನು ಮೊದಲೇ ಒಪ್ಪಿಟ್ಟಿರಬೇಕು. ಅದನ್ನು ವಿನಯವಾಗಿ ನೆನಪಿಸಿದೆ. ಜೊತೆಗೆ ಪಾತಿಯ ಅಂಚಿಗೆ ಒಂದು ಸಾಲು ಕಲ್ಲನ್ನೂ ಜೋಡಿಸಿದೆ. ಕಾನೂನಿಗಿಂತ ಆ ಕಲ್ಲುಸಾಲೇ ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ಗುಮಾನಿ. ಅಂಚು ನೆಟ್ಟಗಿದ್ದರೆ ಒಳಗಿನದು ತೋಟವೆಂದು ಜನ ಒಪ್ಪುತ್ತಾರೆ.

ಈಗ ಹೊಸ ಗಿಡ ಕೊಳ್ಳುವುದು ಕಡಿಮೆ, ಬೀಜದಿಂದಲೇ ಮಾಡುತ್ತೇನೆ. ಹೆಚ್ಚಿನ ಪೆನ್‌ಸ್ಟೆಮನ್ ಬೀಜಗಳು ತೇವದ ಚಳಿಯಲ್ಲಿ ಕೆಲವು ವಾರ ಇರದೆ ಮೊಳೆಯುವುದಿಲ್ಲ. ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ನಡುವೆ ಸೀಳಿ, ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ, ಡಿಸೆಂಬರ್‌ನಲ್ಲಿ ಬಿತ್ತಿ ಉತ್ತರದ ಗೋಡೆಯ ಬಳಿ ಹಿಮಕ್ಕೆ ಬಿಡುತ್ತೇನೆ. ಏಪ್ರಿಲ್‌ನಲ್ಲಿ ಮೊಳಕೆ ಕಾಣುತ್ತದೆ, ಜೂನ್ ಹೊತ್ತಿಗೆ ಪಾತಿಗೆ ಹೋಗುತ್ತದೆ, ಮೊಲಗಳಿಂದ ಕಾಯಲು ಮೊದಲ ವರ್ಷ ತಂತಿಬಲೆ ಬೇಕು. ಲಯಾಟ್ರಿಸ್ ಮಾತ್ರ ಮೊದಲ ಒಂದೆರಡು ವರ್ಷ ಬೇರು ಬೆಳೆಸುವುದರಲ್ಲೇ ಕಳೆಯುತ್ತದೆ, ಮೇಲೆ ಕಾಣುವುದು ನಾಲ್ಕು ಹುಲ್ಲೆಸಳು. ಬೇಗ ಹೂ ಬೇಕೆನ್ನುವವರು ಅದೊಂದನ್ನು ಕುಂಡದ ಸಸಿಯಾಗಿಯೇ ತರಲಿ.